ಇಮ್ಮಡಿ ಎಂದರೆ ಯಾವುದರ ಇಮ್ಮಡಿ?

ಕಳೆದ ತಿಂಗಳು ಒಂದು ಸಂಜೆ ನೆರೆಮನೆಯ ಸೊಸೆಯು ವೃತ್ತಪತ್ರಿಕೆಯೊಂದನ್ನು ಹಿಡಿದು ನಮ್ಮ ಜಗಲಿಗೆ ಬಂದಳು. "ಮೇಷ್ಟ್ರೇ, ನಮ್ಮ ಮಾವನವರ ರಕ್ತದೊತ್ತಡದ ಗುಳಿಗೆಯಿಂದ ಅಪಾಯವು ಇಮ್ಮಡಿಯಾಗುವುದೆಂದು ಇದರಲ್ಲಿ ಬರೆದಿದೆ. ನಾಲ್ಕು ದಿನದಿಂದ ಅವರು ಗುಳಿಗೆಯನ್ನೇ ಮುಟ್ಟಿಲ್ಲ" ಎಂದಳು. ನಾವು ವೈದ್ಯರಲ್ಲ, ವ್ಯಾಕರಣ ಕಲಿಸಿದವರು. ಆದರೂ ಆ ವಾಕ್ಯದ ಕೊರತೆಯು ಓದಿದೊಡನೆ ಕಣ್ಣಿಗೆ ಬಿದ್ದಿತು.

ವಾಕ್ಯವು ಪೂರ್ಣವಾಗಬೇಕಾದರೆ ಪದಗಳ ಆಕಾಂಕ್ಷೆಯು ತೀರಬೇಕೆಂದು ಶಾಸ್ತ್ರಕಾರರು ಹೇಳುವರು. ‘ತಾ’ ಎಂದೊಡನೆ ‘ಏನನ್ನು?’ ಎಂದು ಮನಸ್ಸು ಕೇಳುವುದಷ್ಟೆ. ‘ಇಮ್ಮಡಿ’ ಎಂಬುದೂ ಅಂತಹುದೇ ಪದ. ಒಂದು ರೂಪಾಯಿಯ ಇಮ್ಮಡಿ ಎರಡೇ ರೂಪಾಯಿ. ಸಾವಿರದ ಇಮ್ಮಡಿ ಎರಡು ಸಾವಿರ.

ಈ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ಬ್ರಿಟನ್ ದೇಶವು ಅನುಭವಿಸಿತು. ಕೆಲವು ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತವು ಹೆಪ್ಪುಗಟ್ಟುವ ಅಪಾಯವು ಹಳೆಯವುಗಳಿಗಿಂತ ಇಮ್ಮಡಿಯೆಂದು 1995ನೆಯ ಅಕ್ಟೋಬರಿನಲ್ಲಿ ಅಲ್ಲಿಯ ಔಷಧ ಸುರಕ್ಷತಾ ಸಮಿತಿಯು ಎಚ್ಚರಿಸಿತು. ಮಾತು ಸುಳ್ಳಲ್ಲ. ಆದರೆ ಹಳೆಯ ಗುಳಿಗೆಯಿಂದ 7,000 ಮಂದಿ ಸ್ತ್ರೀಯರಲ್ಲಿ ಸುಮಾರು ಒಬ್ಬಳಿಗೆ ಒದಗುತ್ತಿದ್ದ ಆಪತ್ತು ಹೊಸದರಿಂದ ಇಬ್ಬರಿಗೆ ಒದಗುತ್ತಿತ್ತು, ಇಮ್ಮಡಿಯೆಂದರೆ ಇಷ್ಟೇ. ಅನೇಕರು ಹೆದರಿ ಗುಳಿಗೆಯನ್ನೇ ತ್ಯಜಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಿದುವೆಂದು ಅಂದಾಜು. ಗರ್ಭಿಣಿಯರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವಾದರೋ ಆ ಗುಳಿಗೆಯದಕ್ಕಿಂತಲೂ ಅಧಿಕ!

ಸಣ್ಣ ಅಪಾಯಗಳೆಲ್ಲ ಉಪೇಕ್ಷೆಗೆ ಯೋಗ್ಯವೆಂದು ನಾವು ಹೇಳುತ್ತಿಲ್ಲ. ಮೂಲಸಂಖ್ಯೆಯು ದೊಡ್ಡದಾಗಿದ್ದರೆ ಕಾಲುಭಾಗದ ಏರಿಕೆಯೂ ಭಯಕ್ಕೆ ಕಾರಣವೇ. ಆದುದರಿಂದ ವಾಚಕರು ಇಂತಹ ಸುದ್ದಿಯನ್ನು ಓದುವಾಗ ಕೇಳಬೇಕಾದುದಿಷ್ಟು: ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಕೇಡು ಒದಗುತ್ತಿತ್ತು? ಈಗ ಎಷ್ಟು ಮಂದಿಗೆ? ಎಷ್ಟು ಕಾಲದಲ್ಲಿ? ಕಡೆಯದಾಗಿ, ಔಷಧವನ್ನು ಬಿಟ್ಟರೆ ಒದಗುವ ಕೇಡೆಷ್ಟು?

ಆಕೆ ತಂದ ಪತ್ರಿಕೆಯನ್ನು ಎರಡು ಸಲ ಓದಿದೆವು. ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. "ನಾಳೆಗೆ ತಡೆಯಬೇಡಮ್ಮಾ, ಈ ಕಾಗದದೊಡನೆ ಮಾವನವರನ್ನು ಈಗಲೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗು" ಎಂದೆವು. ಅಳೆದು ನೋಡಿದಾಗ ರಕ್ತದೊತ್ತಡವು ಬಹಳ ಏರಿತ್ತಂತೆ. ವೈದ್ಯರ ಮಾತಿನಂತೆ ಅಂದಿನಿಂದಲೇ ಗುಳಿಗೆಯು ಮೊದಲಾಯಿತು.

ಈಗ ಹಿರಿಯರು ಬೆಳಿಗ್ಗೆ ಪತ್ರಿಕೆ ಓದುತ್ತ, "ಎಷ್ಟು ಮಂದಿಯಲ್ಲಿ ಎಂದು ಬರೆದೇ ಇಲ್ಲವಲ್ಲ!" ಎಂದು ಗದರುವುದು ನಮ್ಮ ಜಗಲಿಗೂ ಕೇಳಿಸುತ್ತದೆ.