ಸರಕಾರಿ ಆ್ಯಪ್‌ನ ಕೋಡ್ ತೆರೆದ್ರೆ ಸಾಕಾ? ತಿದ್ದೋರು ಯಾರು, ಕೇಳೋರು ಯಾರು ಅನ್ನೋದೂ ಗೊತ್ತಾಗಬೇಕು

ಬಸವನ ಬಾಗೇವಾಡಿ: ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.’ ಈ ಮಾತು ಕೇಳದವರು ನಮ್ಮ ತಾಲೂಕಿನಲ್ಲಿ ಸಿಗೋದು ಕಷ್ಟ. ಪಹಣಿ, ಇ-ಸ್ವತ್ತು, ಜಾತಿ-ಆದಾಯ ಪ್ರಮಾಣಪತ್ರ, ರೇಷನ್, ಬೆಳೆ ವಿಮೆ, ಜಿಎಸ್‌ಟಿ ಎಲ್ಲವೂ ಈಗ ಸಾಫ್ಟ್‌ವೇರ್ ಮೇಲೆ ನಿಂತಿವೆ. ರಸ್ತೆ ಕೆಟ್ಟರೆ ಯಾವ ಇಲಾಖೆಗೆ ಹೋಗಬೇಕು ಅಂತ ಜನಕ್ಕೆ ಗೊತ್ತು. ಸಾಫ್ಟ್‌ವೇರ್ ಕೆಟ್ಟರೆ? ಕೌಂಟರ್‌ನಲ್ಲಿ ಕೂತ ಆಪರೇಟರ್‌ಗೆ ಬೈದು ಮನೆಗೆ ಬರ್ತೇವೆ. ಆದರೆ ಆತನಿಗೆ ಅದನ್ನು ತಿದ್ದೋ ಅಧಿಕಾರ ಇಲ್ಲ.

ಇದಕ್ಕೆ ಒಂದು ದಾರಿ ಅಂತ ಕೇಂದ್ರ ಸರಕಾರ 2015ರಲ್ಲಿ ಎರಡು ನೀತಿ ತಂದಿತು. ಒಂದು, ಸರಕಾರಿ ಕೆಲಸಕ್ಕೆ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಆದ್ಯತೆ ಕೊಡಬೇಕು. ಇನ್ನೊಂದು, ಸರಕಾರ ಮಾಡಿಸಿದ ಸಾಫ್ಟ್‌ವೇರ್‌ನ ಕೋಡ್ ತೆರೆದಿಟ್ಟು, ಬೇರೆಯವರೂ ಕೂಡಿ ಬೆಳೆಸುವಂತೆ ಮಾಡಬೇಕು. ಆಮೇಲೆ ಇದಕ್ಕಂತಲೇ ಓಪನ್‌ಫೋರ್ಜ್ ಅನ್ನೋ ಸರಕಾರಿ ವೇದಿಕೆಯೂ ಬಂತು.

ಓಪನ್ ಸೋರ್ಸ್ ಅಂದ್ರೆ ಏನು? ಅಂಗಡಿಯವರಿಗೆ ತಕ್ಕಡಿ ಉದಾಹರಣೆ ಸಾಕು. ಒಳಗಿನ ಯಂತ್ರ ಎಲ್ಲರಿಗೂ ಕಾಣುವಂತೆ ಗಾಜು ಹಾಕಿದ ತಕ್ಕಡಿ ಅಂದ್ಕೊಳ್ಳಿ. ಗಿರಾಕಿ ನೋಡಬಹುದು, ‘ಇಲ್ಲಿ ಸ್ಪ್ರಿಂಗ್ ಸಡಿಲ ಐತಿ’ ಅಂತ ಹೇಳಬಹುದು, ರಿಪೇರಿ ಬರೋನು ಹೊಸ ಸ್ಪ್ರಿಂಗ್ ತಂದು ತೋರಿಸಬಹುದು. ಆದರೆ ಕೊನೆಗೆ ಮುದ್ರೆ ಒತ್ತೋನು ಮಾಪನ ಇಲಾಖೆಯ ಅಧಿಕಾರಿ ಮಾತ್ರ. ತೆರೆದ ಕೋಡ್ ಅಂದ್ರೆ ಯಾರು ಬೇಕಾದ್ರೂ ಕೈ ಹಾಕಿ ಕೆಡಿಸಬಹುದು ಅನ್ನೋ ಭಯ ಅದಕ್ಕೇ ಸರಿಯಲ್ಲ.

ಚೆನ್ನಾಗಿ ನಡೆಯೋ ಓಪನ್ ಸೋರ್ಸ್ ಬಳಗದಲ್ಲಿ ಪಾತ್ರಗಳು ಹಂಚಿರುತ್ತವೆ. ಬಳಸುವವರು. ದೋಷ ವರದಿ ಮಾಡುವವರು. ಕೋಡ್ ಅಥವಾ ಅನುವಾದ ಬರೆದು ಕೊಡುವವರು. ಅದನ್ನು ಪರಿಶೀಲಿಸುವವರು. ಕೊನೆಗೆ ಒಪ್ಪಿ ಸೇರಿಸುವ ಮೇಂಟೇನರ್, ಅಂದ್ರೆ ನಿರ್ವಾಹಕ. ಬರೆದವನೇ ತನ್ನ ಕೆಲಸಕ್ಕೆ ತಾನೇ ಸೈ ಹಾಕಬಾರದು ಅನ್ನೋದು ಮೊದಲ ನಿಯಮ. ಭದ್ರತೆಯ ತೂತು ಕಂಡರೆ ಬಹಿರಂಗವಾಗಿ ಬರೆಯದೆ ನಿರ್ವಾಹಕರಿಗೆ ಗುಟ್ಟಾಗಿ ತಿಳಿಸಬೇಕು ಅನ್ನೋದು ಎರಡನೇದು. ಹೊಸಬರನ್ನು ಹೀಯಾಳಿಸಬಾರದು ಅನ್ನೋದು ಮೂರನೇದು.

ಈ ಪಾತ್ರಗಳು ಸ್ಪಷ್ಟ ಇಲ್ಲದಿದ್ದರೆ ಏನಾಗ್ತದೆ ಅನ್ನೋದಕ್ಕೆ ಆರೋಗ್ಯ ಸೇತು ನೋಡಿ. ಆ್ಯಪ್ ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಕೋಡ್ ತೆರೆದಿಟ್ಟರು, ದೋಷ ಹುಡುಕಿದವರಿಗೆ 1 ಲಕ್ಷ ರೂಪಾಯಿವರೆಗೆ ಬಹುಮಾನ ಅಂತಲೂ ಹೇಳಿದರು. ಒಳ್ಳೇ ಕೆಲಸ. ಆದರೆ ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಸರಕಾರಿ ಅಧಿಕಾರಿಗಳಿಗೆ ನೋಟಿಸ್ ಕೊಟ್ಟಿತು. ಆ್ಯಪ್ ಮಾಡಿದ್ದು ಯಾರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಎನ್‌ಐಸಿ ಜೊತೆ ಉದ್ಯಮ ಮತ್ತು ಶಿಕ್ಷಣ ಕ್ಷೇತ್ರದ ಸ್ವಯಂಸೇವಕರು ಕೂಡಿ ಮಾಡಿದ್ದು ಅಂತ ಸಚಿವಾಲಯ ಆಮೇಲೆ ಸ್ಪಷ್ಟನೆ ಕೊಟ್ಟಿತು. ಸರ್ವರ್ ಕಡೆಯ ಕೋಡ್ ಹೊರಬಂದಿದ್ದು ನವೆಂಬರ್‌ನಲ್ಲಿ. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಜನರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಹಂಚಬಾರದು ಅಂತ ಮಧ್ಯಂತರ ಆದೇಶ ಕೊಟ್ಟಿತು.

ಇದರಲ್ಲಿ ಎರಡು ಪಾಠ ಇವೆ. ಕೋಡ್ ಬೇರೆ, ಜನರ ಮಾಹಿತಿ ಬೇರೆ. ಕೋಡ್ ತೆರೆಯಬೇಕು, ಮಾಹಿತಿಗೆ ಬೀಗ ಹಾಕಬೇಕು. ಎರಡನೇದು, ಜವಾಬ್ದಾರಿ ಯಾರದು ಅಂತ ಬೋರ್ಡ್ ಹಾಕದೆ ಬಾಗಿಲು ತೆರೆದರೆ ಒಳಗೆ ಹೋದವರು ಯಾರನ್ನು ಕೇಳಬೇಕು?

ಇದೆಲ್ಲ ದಿಲ್ಲಿ-ಬೆಂಗಳೂರಿನ ಮಾತು, ನಮಗ್ಯಾಕೆ ಅನ್ನಬೇಡಿ. ನಮ್ಮ ಮಕ್ಕಳ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ತೆರೆಯುತ್ತದೆ. ಅದು ನಿಂತಿರೋದು ಸನ್‌ಬರ್ಡ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಮೇಲೆ, ಹುಟ್ಟಿದ್ದು ಬೆಂಗಳೂರಿನಲ್ಲಿ. ನಮ್ಮ ಡಿಟಿಪಿ ಅಂಗಡಿಯವರಿಗೆ ಇನ್ನೊಂದು ಅನುಭವ ಐತಿ. ಹಳೇ ನುಡಿ ಫೈಲ್ ಮೊಬೈಲ್‌ನಲ್ಲಿ ತೆರೆದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದನ್ನು ಯೂನಿಕೋಡ್‌ಗೆ ತರೋ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರೇ ಬರೆದು ಪುಕ್ಕಟೆ ಕೊಟ್ಟರು. ನಮ್ಮೂರಲ್ಲಿ ಹುಟ್ಟಿದ ಬಸವಣ್ಣನವರದೂ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಇವತ್ತು ‘ವಚನ ಸಂಚಯ’ದಲ್ಲಿ ಪದ ಹಾಕಿ ಹುಡುಕಬಹುದು. ಅದೂ ಸ್ವಯಂಸೇವಕರ ಕೆಲಸವೇ.

ಹಾಗಂತ ಎಲ್ಲ ಸ್ವಯಂಸೇವಕರ ಹೆಗಲಿಗೆ ಹಾಕೋದೂ ತಪ್ಪು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನೋ ಸಣ್ಣ ಓಪನ್ ಸೋರ್ಸ್ ತುಣುಕಿನಲ್ಲಿ ತೂತು ಸಿಕ್ಕಾಗ ಜಗತ್ತಿನ ದೊಡ್ಡ ಕಂಪನಿಗಳೇ ನಡುಗಿದವು. ಅದನ್ನು ನೋಡಿಕೊಳ್ತಿದ್ದವರು ಕೆಲವೇ ಸ್ವಯಂಸೇವಕರು. ಸರಕಾರಿ ಸಾಫ್ಟ್‌ವೇರ್‌ಗೆ ಸಂಬಳದ ನಿರ್ವಾಹಕ ಇರಲೇಬೇಕು, ಜನ ಅವರಿಗೆ ಕಣ್ಣು-ಕಿವಿ ಆಗಬೇಕು.

ಕಣ್ಣು-ಕಿವಿ ಆಗೋದು ನಮ್ಮ ಕೈಲಿ ಐತಿ. ‘ಆ್ಯಪ್ ಸರಿ ಇಲ್ಲ’ ಅಂದ್ರೆ ಅದು ವರದಿ ಅಲ್ಲ. ಯಾವ ಪುಟ, ಏನು ಒತ್ತಿದ್ರಿ, ಏನು ಬರಬೇಕಿತ್ತು, ಏನು ಬಂತು, ಯಾವ ದಿನ ಎಷ್ಟೊತ್ತಿಗೆ ಅಂತ ಬರೆಯಿರಿ. ಸ್ಕ್ರೀನ್‌ಶಾಟ್ ಹಾಕಿ, ಆದರೆ ಆಧಾರ್ ನಂಬರ್, ಮೊಬೈಲ್ ನಂಬರ್ ಮುಚ್ಚಿ. ಕನ್ನಡ ಅನುವಾದ ತಪ್ಪಿದ್ದರೆ ಸರಿಯಾದ ಪದವನ್ನೂ ಬರೆಯಿರಿ. ಇದಕ್ಕೆ ಕೋಡಿಂಗ್ ಬರಬೇಕಿಲ್ಲ. ಕೋಡಿಂಗ್ ಬರೋ ಹುಡುಗ-ಹುಡುಗಿಯರಿಗೂ ಒಂದು ಮಾತು: ಈ ಬಳಗಗಳಲ್ಲಿ ಮಾರ್ಕ್ಸ್ ಕಾರ್ಡ್ ಯಾರೂ ಕೇಳಲ್ಲ, ಕೆಲಸ ನೋಡ್ತಾರೆ. ಡಿಗ್ರಿ ಅರ್ಧಕ್ಕೆ ನಿಂತವರಿಗೂ ಜಾಗ ಐತಿ.

ಸರಕಾರದ ಪಾಲಿನ ಕೆಲಸ ಇದಕ್ಕಿಂತ ದೊಡ್ಡದು. ಸಕಾಲ ಯೋಜನೆ 2012ರಲ್ಲಿ ರಾಜ್ಯದಲ್ಲೆಲ್ಲ ಬಂದಾಗ ಪ್ರತಿ ಅರ್ಜಿಗೆ ಒಂದು ನಂಬರ್, ಒಂದು ಗಡುವು ಅನ್ನೋ ಪದ್ಧತಿ ಶುರುವಾಯಿತು. ಸಾಫ್ಟ್‌ವೇರ್ ದೋಷಕ್ಕೂ ಅದೇ ಪದ್ಧತಿ ಬೇಕು. ದೂರಿಗೆ ನಂಬರ್ ಇರಲಿ, ಅದರ ಸ್ಥಿತಿ ಎಲ್ಲರಿಗೂ ಕಾಣಲಿ, ಕನ್ನಡದಲ್ಲಿ ಬರೆದರೂ ಉತ್ತರ ಬರಲಿ.

ಮುಂದಿನ ಜನಸ್ಪಂದನ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಮೂರು ಪ್ರಶ್ನೆ ಕೇಳಿ ನೋಡಿ. ಈ ಸಾಫ್ಟ್‌ವೇರ್‌ನ ನಿರ್ವಾಹಕ ಯಾವ ಕಚೇರಿ? ದೋಷ ಎಲ್ಲಿ ಬರೆಸಬೇಕು? ಎಷ್ಟು ದಿನದಲ್ಲಿ ಉತ್ತರ ಸಿಗ್ತದೆ? ಉತ್ತರ ಸಿಗದಿದ್ದರೆ, ಆ ಪ್ರಶ್ನೆಯನ್ನೇ ನಡಾವಳಿಯಲ್ಲಿ ಬರೆಸಿ ಬನ್ನಿ.