ಬೀಜದಂತೆ ಸ್ಫಟಿಕ



ಚಿತ್ರದುರ್ಗದ ಕೋಟೆಯ ಬಂಡೆಯನ್ನು ಸಮೀಪದಿಂದ ನೋಡಿರಿ. ಹೊಳೆಯುವ ಬೆಣಚುಕಲ್ಲಿನ ಕಣಗಳು ಕಾಣುವುವು. ಒಂದೊಂದೂ ಸ್ಫಟಿಕವೇ, ಆದರೆ ಒಂದರ ದಿಕ್ಕು ಇನ್ನೊಂದಕ್ಕಿಲ್ಲ. ಕೋಟೆಗೆ ಅಂಥ ಕಲ್ಲು ಸಾಕು, ಕಂಪ್ಯೂಟರಿನ ಚಿಪ್ಪಿಗೆ ಸಾಲದು. ಕಣಗಳ ಸಂದುಗಳು ಎಲೆಕ್ಟ್ರಾನುಗಳ ಹಾದಿಗೆ ಅಡ್ಡಿ. ಅಲ್ಲಿ ಬೇಕಾದುದು ಆದ್ಯಂತ ಒಂದೇ ಜೋಡಣೆಯುಳ್ಳ ಏಕಸ್ಫಟಿಕ.

ಪೋಲೆಂಡಿನ ವಿಜ್ಞಾನಿ ಚೊಖ್ರಾಲ್ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನದಂತೆ, 1414 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಸಿಲಿಕಾನಿಗೆ ಕಿರಿದೊಂದು ಬೀಜಸ್ಫಟಿಕವನ್ನು ತಾಗಿಸಿ, ತಿರುಗಿಸುತ್ತ ಮೆಲ್ಲನೆ ಮೇಲೆತ್ತುವರು. ಬೀಜದ ಜೋಡಣೆಯೇ ಇಡೀ ದಿಂಡಿಗೆ ಬರುವುದು. ಅವಸರಿಸಿದರೆ ದೋಷ ಒಳಸೇರುವುದು. ಕಣ್ಣಿಗೆ ಕಾಣದ ಅದನ್ನು ಕ್ಷ-ಕಿರಣಗಳು ತೋರಿಸಿಕೊಡುವುವು.

ಮಕ್ಕಳಿಗೆ ಲಿಂಗದೀಕ್ಷೆ ಕೊಡಿಸಿದೊಡನೆ ಸಂಸ್ಕಾರ ಮುಗಿಯಿತೆಂದು ತಿಳಿಯಲಾಗದು. ತಾಯಿತಂದೆಯರ ನಿತ್ಯದ ನಡೆಯೇ ಬೀಜ. ಮನೆಯ ಬೆಳವಣಿಗೆ ಅದರಂತೆಯೇ.