ಮಗುವಿನ ಸೊಂಟನೋವು ನೆಪವಲ್ಲ

ಶಾಲೆಗೆ ಹೋಗುವ ಮಗು ಸೊಂಟ ನೋಯುತ್ತದೆ ಎಂದರೆ ಮನೆಯಲ್ಲಿ ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಚೀಲದ ಭಾರ, ಬೆಳೆಯುವ ವಯಸ್ಸಿನ ನೋವು, ಮೊಬೈಲು ಹಿಡಿದು ಬಗ್ಗಿ ಕೂತದ್ದರ ಫಲ. ಪರೀಕ್ಷೆಯ ದಿನವಾದರೆ ಬರೀ ನೆಪ. ಬಹಳಷ್ಟು ಮಕ್ಕಳ ಮಟ್ಟಿಗೆ ಇದು ನಿಜವೂ ಇರಬಹುದು. ಆದರೆ ಕರುಳಿನ ಉರಿಯೂತದ ಕಾಯಿಲೆ ಇರುವ ಮಗುವಿನ ವಿಷಯದಲ್ಲಿ ಈ ಉತ್ತರಗಳನ್ನು ತಪಾಸಣೆಯಿಲ್ಲದೆ ಒಪ್ಪಿಕೊಳ್ಳುವುದು ಅಪಾಯ.

ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರುಗಳು ಈಗ ಮುಂಬಯಿಯ ಮಕ್ಕಳ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. 1932ರಲ್ಲಿ ನ್ಯೂಯಾರ್ಕಿನ ಡಾ. ಬರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಈ ಕಾಯಿಲೆಯನ್ನು ಬಹುಕಾಲ ಪಾಶ್ಚಾತ್ಯರ ಕಾಯಿಲೆ ಎಂದೇ ತಿಳಿಯಲಾಗಿತ್ತು. ಕರುಳಿನ ಕ್ಷಯ ಕೂಡ ಹೆಚ್ಚುಕಡಿಮೆ ಇದೇ ಲಕ್ಷಣ ತೋರುವುದರಿಂದ ಭಾರತದಲ್ಲಿ ರೋಗ ಪತ್ತೆಯಾಗುವುದೇ ತಡ. ಅಂತೂ ಹೆಸರು ತಿಳಿಯುವ ಹೊತ್ತಿಗೆ ಹೆತ್ತವರ ಕಣ್ಣೆಲ್ಲ ಮಗುವಿನ ಹೊಟ್ಟೆಯ ಮೇಲೆಯೇ ನೆಟ್ಟಿರುತ್ತದೆ. ಭೇದಿ ನಿಂತಿತೇ, ರಕ್ತ ನಿಂತಿತೇ, ತೂಕ ಏರಿತೇ ಎಂಬುದೇ ದಿನನಿತ್ಯದ ಲೆಕ್ಕ. ಸೊಂಟ, ಮೊಣಕಾಲು ಈ ಲೆಕ್ಕಕ್ಕೆ ಬರುವುದಿಲ್ಲ.

ಬರಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ದೇಹದ ಮೇಲೆ ತಿರುಗಿ ಬೀಳುವ ಈ ಕಾಯಿಲೆ ಕರುಳಿನಿಂದಾಚೆ ಹೆಚ್ಚಾಗಿ ಕಾಡುವುದು ಕೀಲುಗಳನ್ನೇ. ಮೊಣಕಾಲು, ಪಾದದ ಗಂಟುಗಳ ನೋವು ಸಾಮಾನ್ಯವಾಗಿ ಕರುಳಿನ ಜೊತೆಗೇ ಏರಿ, ಅದರ ಜೊತೆಗೇ ಇಳಿಯುತ್ತದೆ. ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನ ಉರಿಯೂತ ಹಾಗಲ್ಲ. ಕರುಳು ಶಾಂತವಾಗಿದ್ದಾಗಲೂ ಅದು ತನ್ನ ಪಾಡಿಗೆ ಮುಂದುವರಿಯಬಹುದು. "ಹೊಟ್ಟೆ ಸರಿಯಿದೆಯಲ್ಲ, ಮತ್ತೇನು?" ಎಂಬ ಪ್ರಶ್ನೆ ತಪ್ಪುವುದು ಇಲ್ಲಿಯೇ. ಕೆಲವು ಮಕ್ಕಳಲ್ಲಂತೂ ಕೀಲುನೋವೇ ಮೊದಲು ಬಂದು, ಹೊಟ್ಟೆಯ ತೊಂದರೆ ಆಮೇಲೆ ಕಾಣಿಸಿಕೊಳ್ಳುತ್ತದೆ. ಮಂಡಿ ಊದಿದ, ರಕ್ತಹೀನತೆಯಿಂದ ಬಿಳಿಚಿಕೊಂಡ, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದ ಮಗುವನ್ನು ಮಲವಿಸರ್ಜನೆಯ ಬಗ್ಗೆಯೂ ವಿಚಾರಿಸಬೇಕು. ಹತ್ತು ಹನ್ನೆರಡರ ಮಕ್ಕಳು ನಾಚಿಕೆಯಿಂದ ತಾವಾಗಿ ಹೇಳುವುದಿಲ್ಲ.

ಈ ಸೊಂಟನೋವಿನ ಸ್ವಭಾವವೇ ಮಗುವಿಗೆ ಶತ್ರು. ದುಡಿದು ಬಂದ ನೋವು ವಿಶ್ರಾಂತಿಯಿಂದ ಕಡಿಮೆಯಾಗುತ್ತದೆ. ಉರಿಯೂತದ ನೋವು ವಿಶ್ರಾಂತಿಯಲ್ಲಿ ಹೆಚ್ಚಾಗಿ, ಓಡಾಡಿದರೆ ಸಡಿಲವಾಗುತ್ತದೆ. ರಾತ್ರಿಯ ಕೊನೆಯ ಜಾವದಲ್ಲಿ ಎಚ್ಚರವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆಗೂ ಮಿಕ್ಕಿ ಸೊಂಟ ಮರಗಟ್ಟಿದಂತಿರುತ್ತದೆ. ಆರು ಗಂಟೆಗೆ ಹಾಸಿಗೆಯಿಂದ ಏಳಲಾರೆ ಎಂದು ಅತ್ತ ಹುಡುಗ ಹತ್ತು ಗಂಟೆಗೆ ಕಟ್ಟಡದ ಅಂಗಳದಲ್ಲಿ ಕ್ರಿಕೆಟ್ ಆಡುವುದನ್ನು ಕಂಡ ನೆರೆಯವರು ಏನೆನ್ನುತ್ತಾರೆಂದು ಹೇಳಬೇಕಾಗಿಲ್ಲ. ಕಾಯಿಲೆಯ ಗುರುತನ್ನೇ ಕಳ್ಳತನದ ಗುರುತೆಂದು ಓದುವುದು ಆ ಮಗುವಿಗೆ ಮಾಡುವ ದೊಡ್ಡ ಅನ್ಯಾಯ. ಎಕ್ಸ್‌ರೇ ಸರಿಯಿದೆ ಎಂಬ ಮಾತೂ ಇಲ್ಲಿ ಕೊನೆಯ ಮಾತಲ್ಲ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಹಿಡಿಯಬಹುದು; ಅದಕ್ಕೂ ಮೊದಲೇ ಎಂಆರ್‌ಐ ಉರಿಯೂತವನ್ನು ತೋರಿಸಬಲ್ಲದು. ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ನೆಗೆಟಿವ್ ಬಂದರೂ ಈ ಸಾಧ್ಯತೆ ಅಳಿಯುವುದಿಲ್ಲ.

ಹಾಗೆಂದು ಎಲ್ಲ ಸೊಂಟನೋವೂ ಇದೇ ಎನ್ನಲಾಗದು. ದೀರ್ಘಕಾಲ ಸ್ಟಿರಾಯ್ಡ್ ಸೇವಿಸಿದ ಮಗುವಿನ ಬೆನ್ನೆಲುಬು ಟೊಳ್ಳಾಗಿ ಕುಸಿದಿರಬಹುದು, ತೊಡೆಯೆಲುಬಿನ ತಲೆಗೆ ರಕ್ತ ಸಂಚಾರ ಕಡಿದಿರಬಹುದು. ಸ್ಟಿರಾಯ್ಡ್ ಪ್ರಮಾಣ ಇಳಿಸುವಾಗಲೂ ಮೈಕೈ ನೋವು ಬರುವುದುಂಟು. ಅದಕ್ಕೆ ಹೆದರಿ ಔಷಧಿಯನ್ನು ತಾವಾಗಿ ಏರಿಸುವುದಾಗಲಿ ಥಟ್ಟನೆ ನಿಲ್ಲಿಸುವುದಾಗಲಿ ಕೂಡದು. ಕ್ರೋನ್ಸ್ ಇರುವ ಮಗು ಜ್ವರದೊಂದಿಗೆ ಕುಂಟುತ್ತ, ತೊಡೆ ನೀಡಲಾರದೆ ಮಡಚಿಕೊಂಡು ಮಲಗಿದರೆ ಬೆನ್ನಿನ ಸ್ನಾಯುವಿನಲ್ಲಿ ಕೀವು ತುಂಬಿರಬಹುದು. ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ಪ್ರಸಂಗ.

ಮನೆಮನೆಯಲ್ಲೂ ನಡೆಯುವ ತಪ್ಪೆಂದರೆ ಕೆಮಿಸ್ಟ್ ಅಂಗಡಿಯ ಗುಳಿಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಕೀಲಿಗೆ ಹಿತವೆನಿಸಿದರೂ ಕರುಳಿನ ಕಾಯಿಲೆಯನ್ನು ಕೆರಳಿಸಬಲ್ಲವು. ಏನಿದೆಯೆಂದು ಬರೆಯದ ಪೊಟ್ಟಣದ ಪುಡಿಯನ್ನಂತೂ ಯಾರು ಊರಿನಿಂದ ತಂದುಕೊಟ್ಟರೂ ಕೊಡಬಾರದು.

ಕರುಳಿಗೂ ಕೀಲಿಗೂ ಇರುವ ನಂಟು ವೈದ್ಯರಿಗೆ ಹೊಸದಲ್ಲ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ರೂಪಿಸಿದ ಸಲ್ಫಾಸಲಜೀನ್ 1940ರ ದಶಕದಲ್ಲೇ ಕೊಲೈಟಿಸ್‌ನ ಮದ್ದಾಗಿ ಹೆಸರಾಯಿತು. ಇಂದಿನ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಎರಡೂ ಕಡೆ ಕೆಲಸ ಮಾಡುತ್ತವೆ. ಅವನ್ನು ಆರಂಭಿಸುವ ಮೊದಲು ಕ್ಷಯದ ತಪಾಸಣೆ ಆಗಲೇಬೇಕು. ಅದೇ ವರ್ಗದ ಎಟನರ್ಸೆಪ್ಟ್ ಮಾತ್ರ ಕೀಲಿಗೆ ಸರಿ, ಕ್ರೋನ್ಸ್‌ಗೆ ಪ್ರಯೋಜನವಿಲ್ಲ. ಆದ್ದರಿಂದ ಹೊಟ್ಟೆಯ ಡಾಕ್ಟರರೂ ಕೀಲಿನ ಡಾಕ್ಟರರೂ ಒಬ್ಬರೊಡನೊಬ್ಬರು ಮಾತಾಡಲೇಬೇಕು. ಈ ಮಹಾನಗರದಲ್ಲಿ ಒಬ್ಬರು ಪರೇಲಿನಲ್ಲಿ, ಇನ್ನೊಬ್ಬರು ಅಂಧೇರಿಯಲ್ಲಿ. ಇಬ್ಬರ ನಡುವೆ ಲೋಕಲ್ ರೈಲಿನಲ್ಲಿ ಓಡಾಡುವುದು ತಾಯಿಯ ಕೈಚೀಲದ ಫೈಲು ಮಾತ್ರ.

ಕನ್ನಡ ಸಂಘಗಳಿಗೆ ಇಲ್ಲಿ ಕೆಲಸವಿದೆ. ಸಂಘಗಳ ಆರೋಗ್ಯ ಶಿಬಿರವೆಂದರೆ ಸಕ್ಕರೆ, ರಕ್ತದೊತ್ತಡ, ಕಣ್ಣು, ಅವೆಲ್ಲ ಹಿರಿಯರಿಗೆ. ವೈದ್ಯಕೀಯ ನೆರವೆಂದರೆ ಆಪರೇಷನ್ನಿಗೆ ಒಂದು ಚೆಕ್, ಒಂದು ಫೋಟೋ. ವರ್ಷಗಟ್ಟಲೆ ಔಷಧಿ ಬೇಡುವ ಕಾಯಿಲೆಗೆ ಆ ಪದ್ಧತಿ ಸಾಲದು. 2014ರಲ್ಲಿ ಅಹಮದಾಬಾದಿನ ಝೈಡಸ್ ಕಂಪೆನಿ ಅಡಾಲಿಮುಮ್ಯಾಬ್‌ನ ದೇಶೀಯ ಆವೃತ್ತಿ ತಂದ ಬಳಿಕವೂ ಈ ಚುಚ್ಚುಮದ್ದು ಹೋಟೆಲ್ ನೌಕರನ ಸಂಬಳಕ್ಕೆ ಹೊರೆಯೇ. ತಿಂಗಳು ತಿಂಗಳು ಸಣ್ಣ ಮೊತ್ತದ ನೆರವು, ಸಂಘದ ಸದಸ್ಯರಾಗಿರುವ ವೈದ್ಯರಿಂದ ಇಬ್ಬರು ತಜ್ಞರಿಗೂ ಒಂದೊಂದು ಫೋನು, ತರಗತಿಯಲ್ಲಿ ನಡುನಡುವೆ ಎದ್ದು ನಿಲ್ಲಲು, ಕೇಳಿದಾಗ ಶೌಚಾಲಯಕ್ಕೆ ಬಿಡಲು ಶಾಲೆಗೊಂದು ಪತ್ರ: ಇವಕ್ಕೆ ಸಭಾಂಗಣವೂ ಬೇಡ, ಹಾರ ತುರಾಯಿಯೂ ಬೇಡ.

ಮೇ 19 ಈ ಕಾಯಿಲೆಗಳ ಕುರಿತ ವಿಶ್ವ ದಿನ. ಆ ಹೊತ್ತಿಗೆ ಮುಂಬಯಿ ಕನ್ನಡಿಗರ ಮಕ್ಕಳಲ್ಲಿ ಅರ್ಧಕ್ಕರ್ಧ ಊರಿನಲ್ಲಿರುತ್ತಾರೆ. ಮಾಹಿತಿ ಸಭೆ ಮಾಡುವುದಿದ್ದರೆ ಶಾಲೆ ಶುರುವಾದ ಮೇಲೆ, ಜೂನ್ ಕೊನೆಯಲ್ಲಿ ಮಾಡುವುದೇ ಸರಿ. ರಜೆಗೆ ಹೊರಡುವ ಕುಟುಂಬಗಳಿಗೆ ಮಾತ್ರ ಮೊದಲೇ ನೆನಪಿಸಬೇಕು: ಅಡಾಲಿಮುಮ್ಯಾಬ್ ಚುಚ್ಚುಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದದ್ದು, ರೈಲಿನ ಸೀಟಿನಡಿಯ ಸೂಟ್‌ಕೇಸಿನಲ್ಲಿ ಅದು ಕೆಡುತ್ತದೆ.